ಎಂಟು ಗಜದ ಕಿಲ್ಟಿಗೆ ತಕ್ಕ ಶೂ

ಎಡಿನ್‌ಬರೊಗೆ ಬಂದ ಮೂರನೆಯ ವರ್ಷ ಸಹೋದ್ಯೋಗಿಯೊಬ್ಬ ತನ್ನ ಮದುವೆಗೆ ಕರೆದ. ಕರೆಯುವಾಗಲೇ, "ನೀನು ಕಿಲ್ಟ್ ಉಟ್ಟುಕೊಂಡು ಬರಬೇಕು" ಎಂದೂ ಹೇಳಿದ. ಕಿಲ್ಟ್ ಎಂದರೆ ಸ್ಕಾಟ್ಲೆಂಡ್‌ನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮಂಡಿಯವರೆಗಿನ ನೆರಿಗೆಯ ಚೌಕಳಿ ಉಡುಪು. ಹೊರಗಿನವನು ಉಟ್ಟರೆ ಹಿರಿಯರಿಗೆ ಬೇಸರವಾದೀತೇನೋ ಎಂಬ ಅಳುಕು ನನಗಿತ್ತು. ಅವನ ತಾಯಿಯೇ ಫೋನ್ ಮಾಡಿ, ಬ್ಲ್ಯಾಕ್ ವಾಚ್ ಎಂಬ ಕಡುಹಸಿರು-ನೀಲಿ ಚೌಕಳಿಯನ್ನು ಯಾವ ಮನೆತನದವರಾದರೂ ಉಡಬಹುದು ಎಂದು ಹೇಳಿದ ಮೇಲೆ ಒಪ್ಪಿಕೊಂಡೆ.

ಬಾಡಿಗೆ ಅಂಗಡಿಯಲ್ಲಿ ಕಿಲ್ಟ್, ಕೋಟು, ಸೊಂಟದ ಮುಂದೆ ತೂಗುವ ಸ್ಪೊರನ್ ಚೀಲ, ಮೊಣಕಾಲುದ್ದದ ಉಣ್ಣೆಯ ಕಾಲುಚೀಲ, ಶೂ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಕಿಲ್ಟನ್ನು ನಾನು ಅರ್ಧ ಗಂಟೆ ತಿರುಗಿಸಿ ಮುರುಗಿಸಿ ನೋಡಿದೆ. ಒಳ್ಳೆಯ ಕಿಲ್ಟಿಗೆ ಎಂಟು ಗಜ ಉಣ್ಣೆ ಬಟ್ಟೆ ಬೇಕು. ಅಮ್ಮನಿಗೆ ಇದನ್ನು ಹೇಳಿದಾಗ, "ಅಜ್ಜಿಯ ಸೀರೆಗಿಂತ ಒಂದೇ ಗಜ ಕಡಿಮೆಯಲ್ಲಪ್ಪ!" ಎಂದು ಬೆರಗಾದಳು. ನೆರಿಗೆಗಳ ಹೊಲಿಗೆ ನೋಡಿದೆ, ತೂಕ ನೋಡಿದೆ. ಶೂ ವಿಷಯ ಬಂದಾಗ ನಂಬರ್ ಕೇಳಿದರು, ಎಂಟು ಎಂದೆ, ಕೊಟ್ಟರು. ನಾನು ತೊಟ್ಟಿದ್ದ ತೆಳು ನೈಲಾನ್ ಸಾಕ್ಸಿನ ಮೇಲೆಯೇ ಹಾಕಿ ನೋಡಿ, ಸರಿ ಇದೆ ಎಂದುಬಿಟ್ಟೆ.

ಹಾಗೇಕೆ ಮಾಡಿದೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನಮ್ಮ ಕಡೆಯ ಮದುವೆಯಲ್ಲಿ ಪಂಚೆ ಉಟ್ಟವನು ಚಪ್ಪಲಿಯನ್ನು ಛತ್ರದ ಬಾಗಿಲಲ್ಲೇ ಬಿಡುತ್ತಾನೆ. ಪಂಚೆಯ ಅಂಚಿಗೆ, ಶಲ್ಯಕ್ಕೆ ಎಷ್ಟೊಂದು ಆಯ್ಕೆ ಮಾಡುತ್ತೇವೆ. ಚಪ್ಪಲಿಯನ್ನು ಮಾತ್ರ ಉಡುಪಿನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಿಲ್ಟಿನಲ್ಲಿ ಲೆಕ್ಕವೇ ಬೇರೆ. ಅದರ ಅಂಚು ಮಂಡಿಚಿಪ್ಪಿನ ನಡುವಿಗೆ ಬಂದು ನಿಲ್ಲುತ್ತದೆ. ಕಾಲುಚೀಲದ ಮಡಿಕೆ ಅದಕ್ಕಿಂತ ಎರಡು ಮೂರು ಬೆರಳು ಕೆಳಗೆ. ಅಲ್ಲಿಂದ ನೆಲದವರೆಗೆ ಮರೆಮಾಚಲು ಏನೂ ಇಲ್ಲ. ಎದುರಿಗೆ ಇದ್ದವರ ಕಣ್ಣು ಮಂಡಿಯಿಂದ ಇಳಿದು ನೇರ ಶೂ ಮೇಲೆ ಹೋಗಿ ನಿಲ್ಲುತ್ತದೆ.

ಬಾಡಿಗೆಗೆ ಸಿಕ್ಕಿದ್ದು ಗಿಲ್ಲಿ ಬ್ರೋಗ್. ಹೆಚ್ಚಿನ ಅಂಗಡಿಗಳಲ್ಲಿ ಕೊಡುವುದು ಅದನ್ನೇ. ಅದಕ್ಕೆ ನಾಲಿಗೆ ಇರುವುದಿಲ್ಲ. ಪಾದದ ಮೇಲ್ಭಾಗ ತೆರೆದಿದ್ದು, ಚರ್ಮದ ಕುಣಿಕೆಗಳ ನಡುವೆ ಕಾಲುಚೀಲ ಕಾಣುತ್ತದೆ. ಮೂತಿಯ ಮೇಲೆ ಸಾಲಾಗಿ ತೂತುಗಳ ಅಲಂಕಾರ. ಬ್ರೋಗ್ ಎಂದರೆ ಗೇಲಿಕ್ ಭಾಷೆಯಲ್ಲಿ ಶೂ. ಗಿಲ್ಲಿ ಎಂದರೆ ಹುಡುಗ, ಆಳು, ಬೇಟೆಗೆ ಹೋದವರ ಜೊತೆಗಾರ. ಜೌಗು ನೆಲದಲ್ಲಿ ನಡೆಯುವಾಗ ಒಳಗೆ ಹೊಕ್ಕ ನೀರು ಹರಿದುಹೋಗಲಿ, ಶೂ ಬೇಗ ಒಣಗಲಿ ಎಂದು ನಾಲಿಗೆ ಬಿಟ್ಟು ತೂತು ಕೊರೆದರು ಎಂದು ಇಲ್ಲಿಯವರು ಹೇಳುತ್ತಾರೆ. ಮಲೆನಾಡಿನ ಮಳೆಯಲ್ಲಿ ಬೆಳೆದ ನನಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅದರ ಲೇಸು ಬಹಳ ಉದ್ದ. ಅಷ್ಟುದ್ದ ಇರುವುದು ಕಾಲಿಗೆ ಸುತ್ತಲೆಂದೇ ಇರಬೇಕು ಎಂದುಕೊಂಡು ಮೀನಖಂಡದ ಅರ್ಧದವರೆಗೆ ಅಡ್ಡಡ್ಡ ಸುತ್ತಿ ಬಿಗಿದೆ. ಪರ್ತ್‌ಷೈರ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಮದುವೆ ಮುಗಿದು, ಊಟವಾಗಿ, ಎಲ್ಲರೂ ಸೇರಿ ಕುಣಿಯುವ ಕೇಲಿ ಎಂಬ ಸ್ಕಾಟಿಷ್ ನೃತ್ಯ ಶುರುವಾಯಿತು. ಎರಡನೆಯ ಕುಣಿತಕ್ಕೇ ಲೇಸು ಸಡಿಲವಾಗಿ ಕೆಳಗಿಳಿಯಿತು. ಉಬ್ಬಿದ ಜಾಗದಲ್ಲಿ ಕಟ್ಟಿದ ದಾರ ಸಣ್ಣದಾದ ಜಾಗಕ್ಕೆ ಜಾರದೆ ಇರುತ್ತದೆಯೇ? 'ಸ್ಟ್ರಿಪ್ ದಿ ವಿಲೋ' ಎಂಬ ಕುಣಿತದಲ್ಲಿ ಎದುರುಬದುರು ಸಾಲು ನಿಂತು, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಸುತ್ತುತ್ತ ಹೋಗಬೇಕು. ಯಾರೋ ನನ್ನ ಲೇಸು ತುಳಿದರು, ಮುಗ್ಗರಿಸಿದೆ. ಅಷ್ಟು ಹೊತ್ತಿಗೆ ಹಿಮ್ಮಡಿಯಲ್ಲಿ ಗುಳ್ಳೆಯೂ ಎದ್ದಿತ್ತು, ಏಕೆಂದರೆ ದಪ್ಪ ಉಣ್ಣೆಯ ಕಾಲುಚೀಲದೊಳಗೆ ನನ್ನ ಎಂಟು ನಂಬರಿನ ಪಾದ ಎಂಟರದ್ದಾಗಿ ಉಳಿದಿರಲಿಲ್ಲ. ಗೆಳೆಯನ ಮದುವೆಯ ಕುಣಿತವನ್ನು ಗೋಡೆಬದಿಯ ಕುರ್ಚಿಯಿಂದ ನೋಡಿದೆ. ಆ ಸಂಕಟ ಇನ್ನೂ ನೆನಪಿದೆ.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ವಯಸ್ಸಿನಲ್ಲಿ ಪೈಪ್ ಬ್ಯಾಂಡ್‌ನಲ್ಲಿ ಬ್ಯಾಗ್‌ಪೈಪ್ ನುಡಿಸುತ್ತಿದ್ದವರು. ನಾನು ಕುಂಟುತ್ತ ಮೆಟ್ಟಿಲು ಹತ್ತುವುದನ್ನು ಕಂಡು ಕಾರಣ ಕೇಳಿದರು. ಮರುದಿನ ತಮ್ಮ ಹಳೆಯ ಗಿಲ್ಲಿ ಬ್ರೋಗ್ ತಂದು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾವು ನೆಲದ ಮೇಲೆ ಕೂತರು. ಎಪ್ಪತ್ತು ದಾಟಿದವರು ನನ್ನ ಕಾಲು ಮುಟ್ಟುತ್ತಿದ್ದಾರಲ್ಲ ಎಂದು ನಾನು ಕಾಲು ಹಿಂದಕ್ಕೆಳೆದುಕೊಂಡೆ. ಅವರಿಗೆ ಅದು ಅರ್ಥವಾಗಲಿಲ್ಲ, "ಅಲ್ಲಾಡಬೇಡ" ಎಂದರು.

ಮೊದಲು ಕುಣಿಕೆಗಳನ್ನು ಕೆಳಗಿನಿಂದ ಒಂದೊಂದಾಗಿ ಬಿಗಿ ಮಾಡಿದರು. ಶೂ ಪಾದವನ್ನು ಹಿಡಿದುಕೊಳ್ಳುವುದು ಇಲ್ಲಿಯೇ, ಮೇಲಿನ ಗಂಟಿನಿಂದಲ್ಲ. ಮೇಲೆ ಬಂದ ಎರಡು ತುದಿಗಳನ್ನು ಒಂದಕ್ಕೊಂದು ಐದು ಸಲ ಹುರಿ ಮಾಡಿದರು. ಕಣಕಾಲಿನ ಮುಂದೆ ಎರಡು ಬೆರಳಿನಷ್ಟು ಎತ್ತರದ ಹುರಿಹಗ್ಗ ನೆಟ್ಟಗೆ ನಿಂತಿತು. ಆಮೇಲೆ ತುದಿಗಳನ್ನು ಹಿಂದಕ್ಕೆ ಒಯ್ದು, ಹಿಮ್ಮಡಿಯ ಮೇಲಿನ ನರದ ಹತ್ತಿರ ಒಂದು ಸಲ ಹೆಣೆದು, ಮುಂದಕ್ಕೆ ತಂದು, ತುಸು ಹೊರಮಗ್ಗುಲಿಗೆ ಎರಡು ಕುಣಿಕೆಯ ಗಂಟು ಹಾಕಿದರು. ಎಲ್ಲವೂ ಪಾದದ ಗಿಣ್ಣಿನ ಸ್ವಲ್ಪ ಮೇಲೆ, ಕಾಲು ಅತಿ ಸಣ್ಣದಾಗಿರುವ ಜಾಗದಲ್ಲಿ. ಅಲ್ಲಿಂದ ಅದು ಜಾರಲು ಜಾಗವೇ ಇಲ್ಲ. ಗಂಟಿನ ಕೆಳಗೆ ಒಂದು ಬೆರಳು ತೂರಬೇಕು, ಇಲ್ಲದಿದ್ದರೆ ಗಂಟೆ ಕಳೆಯುವುದರೊಳಗೆ ಪಾದ ಜೋಮು ಹಿಡಿಯುತ್ತದೆ.

ಅಂದು ಅವರು ಹೇಳಿದ ಇನ್ನೊಂದು ಮಾತು ನನ್ನ ಕಣ್ಣು ತೆರೆಸಿತು. ಗಿಲ್ಲಿ ಬ್ರೋಗ್ ಹಾಕಲೇಬೇಕೆಂದಿಲ್ಲ. ತಮ್ಮ ಸ್ವಂತ ಮದುವೆಗೆ ಅವರು ಹಾಕಿದ್ದು ಕೆಲಸಕ್ಕೆ ಹಾಕುತ್ತಿದ್ದ, ನಾಲಿಗೆಯಿರುವ ಮಾಮೂಲಿ ಕಪ್ಪು ಬ್ರೋಗ್‌ಗಳನ್ನೇ, ಚೆನ್ನಾಗಿ ಪಾಲಿಶ್ ಮಾಡಿ.

ನಂತರ ನಾನು ಸ್ವಂತ ಕಿಲ್ಟ್ ಹೊಲಿಸಿದೆ. 1746ರ ಕಾನೂನು, ಸೈನಿಕರನ್ನು ಬಿಟ್ಟು, ಸ್ಕಾಟ್ಲೆಂಡ್‌ನ ಗಂಡಸರು ಹೈಲ್ಯಾಂಡ್ ಎಂಬ ಗುಡ್ಡಗಾಡಿನ ಈ ಉಡುಪು ಉಡುವುದನ್ನೇ ನಿಷೇಧಿಸಿತ್ತು. ಅದು ರದ್ದಾದದ್ದು 1782ರಲ್ಲಿ. ಮೂವತ್ತಾರು ವರ್ಷ ಕಸಿದುಕೊಂಡಿದ್ದ ಬಟ್ಟೆಯನ್ನು ಇವರು ಪ್ರೀತಿಯಿಂದ ನನಗೆ ಉಡಿಸಿದ್ದಾರೆ. ಅದನ್ನು ಕಾಲಿನವರೆಗೂ ಸರಿಯಾಗಿ ಉಡುವುದು ನನ್ನ ಪಾಲಿನ ಮರ್ಯಾದೆ ಎಂದುಕೊಂಡು, ಶೂ ಹುಡುಕಲು ಹೊರಟೆ. ಈ ಸಲ ಉಣ್ಣೆಯ ಕಾಲುಚೀಲವನ್ನು ಚೀಲದಲ್ಲಿಟ್ಟುಕೊಂಡೇ ಅಂಗಡಿ ಸುತ್ತಿದೆ. ನನಗೆ ಹಿಡಿಸಿದ್ದು ಎಂಟೂವರೆ.

ಕಚೇರಿಗೆ ಹಾಕುವ ಚೂಪು ಮೂತಿಯ, ತೆಳು ಅಟ್ಟೆಯ ಶೂಗಳನ್ನು ಮೊದಲೇ ಬಿಟ್ಟೆ. ಪ್ಯಾಂಟಿನ ಕೆಳಗೆ ಅವು ಚೆಂದ. ಕಿಲ್ಟಿನ ಕೆಳಗೆ ಮಾತ್ರ, ಮೇಲೆ ಅಷ್ಟು ನೆರಿಗೆಯ ಭಾರ, ಕೆಳಗೆ ದಪ್ಪ ಉಣ್ಣೆಯ ಕಾಲು, ತುದಿಯಲ್ಲಿ ಒಣಕಲು ಶೂ: ದಪ್ಪ ಕಂಬಕ್ಕೆ ಬುಡಗಲ್ಲು ಮರೆತಂತೆ ಕಾಣುತ್ತದೆ. ದುಂಡು ಮೂತಿ, ಅಂಚು ಎದ್ದು ಕಾಣುವ ದಪ್ಪ ಅಟ್ಟೆ, ಕಪ್ಪು ಚರ್ಮ, ಇವು ಮೂರಿದ್ದರೆ ಬ್ರೋಗ್ ಆದರೂ ಸಾದಾ ಶೂ ಆದರೂ ಒಪ್ಪುತ್ತದೆ. ಒಂದೇ ಜೊತೆ ಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ, ಗಿಲ್ಲಿಯನ್ನಲ್ಲ. ಪ್ಯಾಂಟಿಗೂ ಆಗುತ್ತದೆ, ಮಳೆಗೂ ತಡೆಯುತ್ತದೆ. ಬೆಳ್ಳಿಬಣ್ಣದ ಬಕಲ್ ಇರುವ ಶೂಗಳೂ ಸಿಗುತ್ತವೆ. ಅವು ರಾತ್ರಿಯ ಅತಿ ವಿಧಿವತ್ತಾದ ಸಮಾರಂಭಗಳಿಗೆ, ಪ್ರಿನ್ಸ್ ಚಾರ್ಲಿ ಎಂಬ ಮೊಟಕು ಕಪ್ಪು ಕೋಟಿನ ಜೊತೆಗೆ; ನನಗೆ ಅಂಥ ಸಂದರ್ಭ ಬಂದಿಲ್ಲ. ಕಂದು ಶೂ ಹಗಲಿನ ಟ್ವೀಡ್ ಎಂಬ ಒರಟು ಉಣ್ಣೆಯ ಕೋಟಿಗೆ ಒಪ್ಪುತ್ತದೆ, ಆದರೆ ಆಗ ಬೆಲ್ಟ್ ಮತ್ತು ಸ್ಪೊರನ್ ಚರ್ಮವೂ ಕಂದು ಆಗಬೇಕು. ಫುಟ್‌ಬಾಲ್ ಪಂದ್ಯಕ್ಕೆ ಹೋಗುವ ಹುಡುಗರು ಕಾಲುಚೀಲವನ್ನು ಕೆಳಕ್ಕೆ ತಳ್ಳಿ ದಪ್ಪ ಬೂಟು ಹಾಕುತ್ತಾರೆ. ಅದೂ ಕಿಲ್ಟಿಗೆ ಚೆನ್ನಾಗಿಯೇ ಒಪ್ಪುತ್ತದೆ. ಗುಡ್ಡ ಹತ್ತುವಾಗ ನಾನೂ ಹಾಗೆಯೇ ಹಾಕಿದ್ದೇನೆ.

ಕೊನೆಗೆ, ದಾನವಾಗಿ ಬಂದ ಹಳೆಯ ವಸ್ತು ಮಾರುವ ಚಾರಿಟಿ ಅಂಗಡಿಯೊಂದರಲ್ಲಿ, ಯಾರೋ ಜೋಪಾನವಾಗಿ ಇಟ್ಟುಕೊಂಡಿದ್ದ ಕಪ್ಪು ಬ್ರೋಗ್ ಸಿಕ್ಕಿತು. ಅಟ್ಟೆ ಪೂರ್ತಿ ಚರ್ಮದ್ದು. ಕುಣಿಯುವಾಗ ಗಿರಕಿ ಹೊಡೆಯಲು ಚರ್ಮದ ಅಟ್ಟೆಯಷ್ಟು ಹಿತ ಬೇರೆ ಇಲ್ಲ, ರಬ್ಬರ್ ಆದರೆ ನೆಲ ಕಚ್ಚಿಕೊಂಡು ಮಂಡಿ ಉಳುಕುತ್ತದೆ. ಆದರೆ ಎಡಿನ್‌ಬರೊದ ಹಳೆಯ ಬೀದಿ ರಾಯಲ್ ಮೈಲ್‌ನ ಹಾಸುಗಲ್ಲುಗಳ ಮೇಲೆ ಮಳೆ ಬಿದ್ದರೆ ಅದೇ ಚರ್ಮ ಸೋಪಿನ ಹಾಗೆ. ಶೂ ರಿಪೇರಿ ಮಾಡುವವರ ಬಳಿ ಒಯ್ದೆ. ಅವರು ಅಟ್ಟೆಯ ಮುಂಭಾಗವನ್ನು ಮಾತ್ರ ಉಜ್ಜಿ, ತೆಳುವಾದ ರಬ್ಬರ್ ಹಾಳೆ ಅಂಟಿಸಿ, ಅಂಚನ್ನು ಚಾಕುವಿನಿಂದ ಒಂದೇ ಎಳೆತಕ್ಕೆ ಸವರಿ ಕೊಟ್ಟರು. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಕಲ್ಲಿನ ಮೇಲೆ ನಿಲ್ಲುತ್ತದೆ, ಮರದ ನೆಲದ ಮೇಲೆ ತಿರುಗುತ್ತದೆ. ಈ ಶೂ ಜೊತೆ ನಾನು ಕೆನೆಬಣ್ಣದ ಕಾಲುಚೀಲ ಹಾಕುವುದಿಲ್ಲ. ಬಾಡಿಗೆಯವರು ಕೊಡುವುದು ಅದೇ ಬಣ್ಣ. ಕಪ್ಪು ಶೂ ಪಕ್ಕದಲ್ಲಿ ಅದು ಕಾಲನ್ನು ಎರಡು ತುಂಡು ಮಾಡಿದಂತೆ ತೋರುತ್ತದೆ. ಕಿಲ್ಟಿನೊಳಗಿನ ಕಡುಹಸಿರನ್ನೇ ಆರಿಸಿದೆ. ಮಂಡಿಯಿಂದ ಬೆರಳ ತುದಿಯವರೆಗೆ ಒಂದೇ ಗೆರೆಯಾಗಿ ಇಳಿಯುತ್ತದೆ.

ಗಿಲ್ಲಿಯ ಮೇಲಿನ ಆಸೆ ಬಿಟ್ಟಿಲ್ಲ. ಕೆಳಮನೆಯ ಹಿರಿಯರು ತಮ್ಮ ಜೊತೆಯನ್ನು ನನಗೇ ಕೊಟ್ಟಿದ್ದಾರೆ. ಅವರ ಪಾದವೂ ಎಂಟೂವರೆ. ನವೆಂಬರ್ 30ರ, ಸ್ಕಾಟ್ಲೆಂಡ್‌ನ ಪೋಷಕ ಸಂತ ಸೇಂಟ್ ಆಂಡ್ರ್ಯೂ ಹೆಸರಿನ ದಿನದ ಕೇಲಿಗೆ ಅವನ್ನೇ ಹಾಕಬೇಕೆಂದಿದ್ದೇನೆ. ಲೇಸಿನ ತುದಿ ಸವೆದು ಎಳೆ ಬಿಟ್ಟಿದೆ. ಹೊಸದಕ್ಕೆ ಹೇಳಿಯಾಗಿದೆ. ಹುರಿ ಹಾಕುವುದನ್ನು ದಿನಾ ಸಂಜೆ ಒಂದು ಸಲ ಅಭ್ಯಾಸ ಮಾಡುತ್ತಿದ್ದೇನೆ. ಎಡಗಾಲಿನದು ಸರಿ ಬರುತ್ತದೆ, ಬಲಗಾಲಿನದು ಇನ್ನೂ ಸ್ವಲ್ಪ ವಾಲುತ್ತದೆ.