ವಿಶ್ವಾಸಪ್ರಮಾಣವನ್ನು ದಿನದ ಬದುಕಿಗೆ ತರುವುದು ಹೇಗೆ?

ಕ್ರೈಸ್ತರು ತಾವು ನಂಬುವುದನ್ನು ಸಾಲುಸಾಲಾಗಿ ಹೇಳುವ ಅರಿಕೆಯೇ ವಿಶ್ವಾಸಪ್ರಮಾಣ. ಆರಾಧನೆಯಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸುವ ಅದನ್ನು ಮನೆಯಲ್ಲಿ ಬಿಡಿಬಿಡಿಯಾಗಿ ಎತ್ತಿಕೊಳ್ಳಿ. ವಾರಕ್ಕೆ ಒಂದು ಸಾಲು ಸಾಕು. ಬೆಳಿಗ್ಗೆ ಅದನ್ನು ಬಾಯಿಬಿಟ್ಟು ಹೇಳಿ, ಅದಕ್ಕೆ ಹೊಂದುವ ಬೈಬಲ್ ಭಾಗ ಓದಿ, ಆ ದಿನ ಮಾಡಬೇಕಾದ ಒಂದು ಕೆಲಸ ನಿಶ್ಚಯಿಸಿ. ಅದು ನಡೆಯಿತೇ ಎಂದು ರಾತ್ರಿ ದೇವರ ಮುಂದೆ ನೋಡಿಕೊಳ್ಳಿ.

‘ಪಾಪಗಳ ಕ್ಷಮಾಪಣೆ’ ಎಂಬ ಸಾಲನ್ನೇ ನೋಡಿ, ಹೆಚ್ಚಿನವರು ಎಡವುವುದು ಇಲ್ಲೇ. 1 ಯೋಹಾನ 1:9 ಓದಿ. ‘ನಾನು ಪಾಪಿ’ ಎಂದಷ್ಟೇ ಹೇಳಿ ಮುಗಿಸದೆ, ‘ನಿನ್ನೆ ತಮ್ಮನ ಬಗ್ಗೆ ಸುಳ್ಳು ಹೇಳಿದೆ’ ಎಂದು ಬಿಡಿಸಿ ಅರಿಕೆಮಾಡಿ. ಬಳಿಕ, ಮತ್ತಾಯ 5:23-24 ಹೇಳುವಂತೆ, ಆ ತಮ್ಮನ ಹತ್ತಿರ ಹೋಗಿ. ‘ನಿನಗೆ ಬೇಜಾರಾಗಿದ್ದರೆ ಕ್ಷಮಿಸು’ ಅನ್ನುವುದು ಕ್ಷಮೆ ಕೇಳಿದಂತಲ್ಲ. ‘ನಾನು ಸುಳ್ಳು ಹೇಳಿದೆ, ಕ್ಷಮಿಸು’ ಎನ್ನಿ. ಆ ಸುಳ್ಳು ಕೇಳಿದವರಿಗೂ ನಿಜ ತಿಳಿಸಿ. ಅವನು ತಕ್ಷಣ ಒಪ್ಪದಿದ್ದರೆ ಒತ್ತಾಯ ಬೇಡ. ಇನ್ನು, ನೀವು ಕ್ಷಮಿಸುವುದೆಂದರೆ ಹೊಡೆತ ಬಡಿತ ಸಹಿಸಿಕೊಂಡಿರುವುದು ಎಂದಲ್ಲ. ದೌರ್ಜನ್ಯವಿದ್ದಲ್ಲಿ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ದೂರು ಕೊಡಿ.

ಈ ಕ್ಷಮೆಯ ಹಿಂದಿರುವ ಕೃಪೆಯ, ಅಂದರೆ ನಾವು ಗಳಿಸದೆಯೇ ದೇವರು ತೋರುವ ದಯೆಯ, ವಿಷಯದಲ್ಲಿ ಎಫೆಸ 2:8-9ಕ್ಕೇ ನಿಲ್ಲದೆ 10ನೇ ವಚನವನ್ನೂ ಓದಿ. ರಕ್ಷಣೆ ಸತ್ಕ್ರಿಯೆಗಳ ಕೂಲಿಯಲ್ಲ. ಆದರೂ ಸತ್ಕ್ರಿಯೆಗಳಿಗಾಗಿಯೇ ದೇವರು ನಮ್ಮನ್ನು ಉಂಟುಮಾಡಿದ್ದಾನೆ. ರಕ್ಷಣೆ ಕೂಲಿಯಲ್ಲ ಎಂಬುದು ಮರೆತಾಗಲೇ, ಪ್ರಾರ್ಥನೆ ತಪ್ಪಿದ ದಿನ ದೇವರು ಕೈಬಿಟ್ಟನೆಂಬ ಭಯ ಹುಟ್ಟುವುದು. ತಪ್ಪಿದ್ದನ್ನೆಲ್ಲ ಸೇರಿಸಿ ಓದಿ ತೀರಿಸಲು ಹೋಗಬೇಡಿ, ಅಂದಿನದನ್ನು ಓದಿ ಮುಂದುವರಿಯಿರಿ.

‘ಶರೀರದ ಪುನರುತ್ಥಾನ’ ಎಂಬ ಸಾಲನ್ನು, ಅಂದರೆ ಸತ್ತವರು ದೇಹಸಹಿತ ಮತ್ತೆ ಎದ್ದುಬರುವರೆಂದು, ನಂಬುವವರು ಸಾವಿನ ಮನೆಯಲ್ಲಿ ‘ಅಳಬೇಡಿ’ ಎನ್ನಬೇಕಿಲ್ಲ. ಸತ್ತಿದ್ದ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸುವ ಮುನ್ನ ಯೇಸುವೇ ಕಣ್ಣೀರು ಬಿಟ್ಟನು (ಯೋಹಾನ 11:35). ಜೊತೆಗೆ ಕೂರಿ, ಅಡುಗೆಗೂ ಓಡಾಟಕ್ಕೂ ಕೈಜೋಡಿಸಿ. ವಚನ ಹೇಳಲು ಅವರು ಕೇಳುವ ತನಕ ಕಾಯಿರಿ.