ನೇತ್ರಾಣಿಯ ಹಸಿರು ನೀರಿನಲ್ಲಿ ಕಪ್ಪು ಹಿನ್ನೆಲೆ

"ನೇತ್ರಾಣಿಯಲ್ಲಿ ಮ್ಯಾಕ್ರೋ ಆಗೋದಿಲ್ಲ ಮಾರಾಯ. ಮದುವೆ ಮಂಟಪದ ಲೈಟಿಂಗ್ ಕಡಲಲ್ಲಿ ನಡೆಯುತ್ತಾ? ಫೋಟೋ ಬೇಕಂದ್ರೆ ಅಂಡಮಾನಿಗೆ ಹೋಗು." ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೊರಡುವ ದೋಣಿಯಲ್ಲಿ ಈ ಮಾತನ್ನು ಮೂರು ಸೀಸನ್ ಕೇಳಿದ್ದೇನೆ. ಮ್ಯಾಕ್ರೋ ಅಂದರೆ ಸಣ್ಣ ಜೀವಿಗಳ ತೀರಾ ಹತ್ತಿರದ ಫೋಟೋ. ಹೇಳಿದವರು ನನಗಿಂತ ಹಿರಿಯ ಡೈವರ್‌ಗಳು. ನಾಲ್ಕನೇ ಸೀಸನ್ನಿನ ಡಿಸೆಂಬರ್‌ನಲ್ಲಿ ಅದೇ ನೀರಿನಿಂದ ಕಪ್ಪು ಹಿನ್ನೆಲೆಯ ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಸಣ್ಣ ಕಡಲ ಬಸವನಹುಳು, ನಮಗೆ ಬರೀ ಹುಳು) ಫೋಟೋ ತಂದೆ. ಒಂದಲ್ಲ, ಹನ್ನೊಂದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಕರಾವಳಿಯಲ್ಲಿ ಸಣ್ಣ ಸ್ಟುಡಿಯೋ. ಮದುವೆ ಸೀಸನ್ ಬಿಟ್ಟರೆ ಉಳಿದ ದುಡ್ಡು, ಸಮಯ ಎಲ್ಲ ಕಡಲಿಗೆ. ನೇತ್ರಾಣಿಯ ನೀರು ನಿಮಗೆ ಗೊತ್ತಲ್ವಾ? ಒಳ್ಳೆ ದಿನ 15 ಮೀಟರ್ ಕಾಣುತ್ತದೆ, ಕೆಟ್ಟ ದಿನ 5 ಮೀಟರೂ ಇಲ್ಲ. ಸ್ಟ್ರೋಬ್, ಅಂದರೆ ನೀರೊಳಗಿನ ಫ್ಲಾಶ್, ಹೊಡೆದರೆ ಮುಂದಿರುವ ಕಣವೆಲ್ಲ ಹೊಳೆದು ಫೋಟೋ ತುಂಬ ರವೆ ಚೆಲ್ಲಿದ ಹಾಗೆ ಬರುತ್ತದೆ.

ಮೊದಲ ಎರಡು ವರ್ಷ ಫಿಲ್ಟರ್ ಹಿಂದೆ ಬಿದ್ದಿದ್ದೆ. ಕೆಂಪು ಫಿಲ್ಟರ್ ತಂದೆ, 1,800 ರೂಪಾಯಿ ನೀರಿಗೆ ಹೋಯಿತು. ಅದು ನೀಲಿ ನೀರಿಗೆ. ನಮ್ಮ ಹಸಿರಿಗೆ ಮಜೆಂಟಾ ಬೇಕು. ಮಜೆಂಟಾ ತಂದರೆ ಬಣ್ಣವೇನೋ ಸರಿಯಾಯಿತು, ರವೆ ಹಾಗೇ ಉಳಿಯಿತು. ಆಮೇಲೆ ಸ್ಟ್ರೋಬ್ ತೋಳನ್ನು ಉದ್ದ ಮಾಡಿ ಬೆಳಕನ್ನು ಬದಿಯಿಂದ ಕೊಟ್ಟೆ. ಮೀನಿಗೆ ಪರವಾಗಿಲ್ಲ. ಬೆರಳುಗುರಿನಷ್ಟು ಹುಳುವಿಗೆ ಏನೂ ಉಪಯೋಗವಿಲ್ಲ. ನಡುವೆ ಒಂದು ಕ್ಯಾಮೆರಾವೂ ಮುಳುಗಿತು. ತಪ್ಪು ನನ್ನದೇ. ಬೆಳಿಗ್ಗೆ ಐದೂವರೆಗೆ ಲಾಡ್ಜ್‌ನ ಮಂದ ದೀಪದಲ್ಲಿ ಹೌಸಿಂಗ್ (ಕ್ಯಾಮೆರಾಕ್ಕೆ ನೀರು ತಾಗದ ಹಾಗೆ ಕಾಯುವ ಪೆಟ್ಟಿಗೆ) ಮುಚ್ಚಿದ್ದೆ. ಅದರ ನೀರು ತಡೆಯುವ ರಬ್ಬರ್ ಬಳೆ, ಓ-ರಿಂಗ್ ಮೇಲೆ ಒಂದೇ ಒಂದು ತಲೆಕೂದಲು ಉಳಿದಿತ್ತು. 12 ಮೀಟರ್‌ನಲ್ಲಿ ಗಾಜಿನ ಒಳಗೆ ನೀರಿನ ಗೆರೆ ನಿಧಾನಕ್ಕೆ ಏರುವುದನ್ನು ಸುಮ್ನೆ ನೋಡುತ್ತಾ ನಿಂತೆ. 28 ಸಾವಿರ ಹೋಯಿತು. ಈಗ ಹಿಂದಿನ ರಾತ್ರಿಯೇ ಖಾಲಿ ಹೌಸಿಂಗನ್ನು ಬಕೆಟ್‌ನಲ್ಲಿ ಮುಳುಗಿಸಿ ನೋಡಿ, ಆಮೇಲೆಯೇ ಕ್ಯಾಮೆರಾ ಕೂರಿಸಿ, ಸಿಲಿಕಾ ಜೆಲ್ ಹಾಕಿ ಮುಚ್ಚುತ್ತೇನೆ.

ದಾರಿ ತೋರಿಸಿದ್ದು ಸ್ಟುಡಿಯೋ. ಒಂದು ದಿನ ಆಭರಣದ ಫೋಟೋಗೆ ಸ್ನೂಟ್ (ಬೆಳಕನ್ನು ಒಂದು ಚುಕ್ಕೆಗೆ ಕಟ್ಟುವ ಕೊಳವೆ) ಹಾಕಿ ಮೂಗುತಿ ಒಂದಕ್ಕೇ ಬೆಳಕು ಬಿಡುತ್ತಿದ್ದೆ. ಇದನ್ನೇ ನೀರಲ್ಲಿ ಮಾಡಿದರೆ? ಹುಳುವಿನ ಮೇಲೆ ಮಾತ್ರ ಬೆಳಕು ಬಿದ್ದರೆ ಸುತ್ತಲಿನ ಕಣ ಹೊಳೆಯುವುದೇ ಇಲ್ಲ. ಸ್ನೂಟ್ ಹೊಸದೇನಲ್ಲ, ಹೊರದೇಶದಲ್ಲಿ ಬಳಸುತ್ತಾರೆ. ಆದರೆ ತರಿಸಲು ಹೋದರೆ 15 ಸಾವಿರದ ಮೇಲೆ ಹೇಳಿದರು.

ನಾನೇ ಮಾಡಿಕೊಂಡೆ. ಮೊದಲನೆಯದು ಅಡುಗೆಮನೆಯ ಪ್ಲಾಸ್ಟಿಕ್ ಆಲಿಕೆ. ಬದಿಯಿಂದಲೂ ಬೆಳಕು ಸೋರಿತು. ಕಪ್ಪು ಬಣ್ಣ ಹೊಡೆದೆ, ಎರಡೇ ಡೈವ್‌ಗೆ ಉಪ್ಪುನೀರಲ್ಲಿ ಸಿಪ್ಪೆ ಎದ್ದಿತು. ಎರಡನೆಯದು ತಗಡಿನ ಡಬ್ಬಿ, ತುಕ್ಕು. ಮೂರನೆಯದು ಪ್ಲಂಬಿಂಗ್ ಅಂಗಡಿಯ ಪಿವಿಸಿ ರಿಡ್ಯೂಸರ್, ದೊಡ್ಡ ಪೈಪಿಗೆ ಚಿಕ್ಕದನ್ನು ಜೋಡಿಸುವ ತುಂಡು. ಅದಕ್ಕೆ ಕಪ್ಪು ಟೇಪ್ ಮೂರು ಸುತ್ತು. ಒಟ್ಟು 90 ರೂಪಾಯಿ ಇರಬಹುದು. ಬದಿಯಲ್ಲಿ ನಾಲ್ಕು ತೂತು ಕೊರೆಯಲೇಬೇಕು. ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು ಬೆಳಕು ಎಲ್ಲೋ ತಿರುಗುತ್ತದೆ. ಒಳಮೈಗೆ ನಾನು ಏನು ಅಂಟಿಸಿದ್ದೇನೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಎರಡು ತಿಂಗಳು ಅದಕ್ಕೇ ಹೋಗಿದೆ.

ಸ್ನೂಟ್ ಮಾಡುವುದು ಸುಲಭ, ಗುರಿ ಹಿಡಿಯುವುದು ಕಷ್ಟ. ಕ್ಯಾಮೆರಾ ಒಂದು ಕೈಯಲ್ಲಿ, ಬೆಳಕು ಇನ್ನೊಂದರಲ್ಲಿ, ಅಲೆ ಬಂದು ಒಂದು ಗೇಣು ತಳ್ಳುತ್ತದೆ. ಇಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು. ಜನವರಿಯ ಒಂದು ಡೈವ್, 18 ಮೀಟರ್ ಆಳ. ನೀಲಿ ಗೆರೆಯ ಒಂದು ಹುಳು, ಅದರ ಮುಂದೆ ನಾನು. ಕೊನೆಯ ಸಲ ಗೇಜ್ ನೋಡಿದಾಗ ಸಿಲಿಂಡರಿನಲ್ಲಿ 110 ಬಾರ್ ಗಾಳಿ ಇತ್ತು. ಯಾರೋ ಫಿನ್ ಎಳೆದರು. ತಿರುಗಿದರೆ ನನ್ನ ಜೊತೆಗಾರ ಡೈವರ್, ಗೇಜಿಗೆ ಬೆರಳು ತೋರಿಸುತ್ತಿದ್ದಾನೆ. 40. ಕಾಲು ಗಂಟೆ ಒಂದೇ ಹುಳುವಿನ ಮುಂದೆ ಕಳೆದಿದ್ದೆ. ನಿಧಾನಕ್ಕೇ ಏರಿ, 5 ಮೀಟರ್‌ನಲ್ಲಿ 3 ನಿಮಿಷ ನಿಂತು ಮೇಲೆ ಬಂದಾಗ 15 ಉಳಿದಿತ್ತು. ದೋಣಿಯಲ್ಲಿ ಅವನು ಹೇಳಿದ್ದು ಇಷ್ಟೇ: "ಅಣ್ಣಾ, ಹುಳ ನಾಳೆನೂ ಅಲ್ಲೇ ಇರುತ್ತೆ." ಆ ರಾತ್ರಿ ನಿದ್ದೆ ಬರಲಿಲ್ಲ.

ಅವತ್ತಿನಿಂದ ಐದು ಕ್ಲಿಕ್, ಒಂದು ಗೇಜ್. ಲೆಕ್ಕ ತಪ್ಪಿದರೆ ಮೊದಲು ಗೇಜ್. 100 ಬಾರ್ ಆಯಿತೋ, ಎಂಥ ಹುಳವೇ ಇರಲಿ, ಸ್ನೂಟ್ ಬಿಚ್ಚಿ ಕ್ಯಾಮೆರಾವನ್ನು ಎದೆಯ ಡಿ-ರಿಂಗಿಗೆ ಸಿಕ್ಕಿಸಿ ಕಡಿಮೆ ಆಳಕ್ಕೆ ಬರುತ್ತೇನೆ. ಕ್ಲಿಕ್ ಮಾಡುವಾಗ ಉಸಿರು ಹಿಡಿಯುವ ಚಪಲ ನಮಗೆಲ್ಲ ಇದೆ. ಬೇಡ. ನಿಧಾನಕ್ಕೆ ಉಸಿರು ಬಿಡುತ್ತಾ, ಅದರ ಕೊನೆಯಲ್ಲಿ ಒತ್ತಿ. ಕೈ ತಾನಾಗಿ ನಿಲ್ಲುತ್ತದೆ.

ಗುರಿಯ ಸಮಸ್ಯೆಗೂ ಅದೇ ವಾರ ಉತ್ತರ ಸಿಕ್ಕಿತು. ಬೆಳಕನ್ನು ಹುಳುವಿನ ಕಡೆ ತಿರುಗಿಸುವುದನ್ನೇ ಬಿಟ್ಟೆ. ಪೋರ್ಟ್‌ನಿಂದ (ಲೆನ್ಸ್ ಮುಂದಿನ ಗಾಜು) 5 ಸೆಂಟಿಮೀಟರ್ ಮುಂದೆ ಬೆಳಕಿನ ಚುಕ್ಕೆ ಬೀಳುವ ಹಾಗೆ ತೋಳನ್ನು ಬಿಗಿದು, ಕೀಲುಗಳಿಗೆ ನೇಲ್ ಪಾಲಿಶ್‌ನ ಗುರುತು ಹಾಕಿದೆ. ಫೋಕಸ್ಸನ್ನೂ ಅಲ್ಲಿಗೇ ಲಾಕ್ ಮಾಡಿದೆ. ಈಗ ಕ್ಯಾಮೆರಾ, ತೋಳು, ಬೆಳಕು ಸೇರಿದ ಇಡೀ ರಿಗ್ಗನ್ನು ಹುಳುವಿನ ಹತ್ತಿರ ಒಯ್ಯುವುದಷ್ಟೇ ಕೆಲಸ. ಚುಕ್ಕೆ ಅದರ ಮೇಲೆ ಕೂತಾಗ ಫೋಕಸ್ಸೂ ಕೂತಿರುತ್ತದೆ. ಮಳೆಗಾಲ ಪೂರ್ತಿ ಕತ್ತಲೆ ಕೋಣೆಯಲ್ಲಿ ಹುಣಸೆ ಬೀಜ ಇಟ್ಟು ಅಭ್ಯಾಸ ಮಾಡಿದೆ. ಶುರುವಿನಲ್ಲಿ ಅರ್ಧ ನಿಮಿಷ ಬೇಕಾಗುತ್ತಿತ್ತು. ಕೊನೆಗೆ ನಾಲ್ಕು ಸೆಕೆಂಡ್. ಈ ಕರಾವಳಿಯಲ್ಲಿ ಇಷ್ಟು ಬೇಗ ಸ್ನೂಟ್ ಹಿಡಿಯುವವರನ್ನು ನಾನು ಇನ್ನೂ ನೋಡಿಲ್ಲ.

ರಿಗ್ ಭಾರ ಅಂತ ಇನ್ನೊಂದು ಪ್ರಯೋಗವೂ ಆಯಿತು. ಈಜುಕೊಳದ ಫೋಮ್ ಕೋಲು ಕಟ್ಟಿದೆ. ಮೇಲೆ ಚೆನ್ನಾಗಿ ತೇಲಿತು, 18 ಮೀಟರ್‌ನಲ್ಲಿ ಒತ್ತಡಕ್ಕೆ ಕುಗ್ಗಿ ಕಲ್ಲಿನ ಹಾಗಾಯಿತು. ಈಗ ಎರಡೂ ತುದಿ ಮುಚ್ಚಿ ಅಂಟಿಸಿದ ಗೇಣುದ್ದದ ಪಿವಿಸಿ ಪೈಪ್ ಎರಡು. ಅವು ಕುಗ್ಗುವುದಿಲ್ಲ. ರಿಗ್ ಹಗುರಾಯಿತು. ಹವಳದ ಮೇಲೆ ಮೊಣಕೈ ಊರುವ ಅಭ್ಯಾಸ ಅಲ್ಲಿಗೆ ನಿಂತಿತು. ವಿಷದ ಮುಳ್ಳಿನ ಲಯನ್‌ಫಿಶ್ ಕೂರುವ ಸಂದಿಗಳಲ್ಲಿ ಮೊಣಕೈ ಊರುವುದು ಎಷ್ಟು ಅಪಾಯ ಅಂತ ನಿಮಗೆ ಹೇಳಬೇಕಿಲ್ಲ.

ಬೆಂಗಳೂರಿನಿಂದ ಬರುವ ಗೆಳೆಯರಿಗೆ ಒಂದು ಮಾತು. ಎರಡು ಡೈವ್ ಮುಗಿಸಿ ಅದೇ ರಾತ್ರಿಯ ಬಸ್ ಹತ್ತುತ್ತೀರಿ. ವಿಮಾನ ಅಲ್ವಲ್ಲ ಅಂತ ಧೈರ್ಯ. ಆದರೆ ಬಸ್ ಘಟ್ಟ ಹತ್ತುತ್ತದೆ, ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಡೈವ್ ಆದ ಮೇಲೆ ಮೈಯಲ್ಲಿ ಉಳಿದ ನೈಟ್ರೋಜನ್ ಹೊರಹೋಗಲಿ ಅಂತ ಎತ್ತರಕ್ಕೆ ಏರುವ ಮೊದಲು 18 ಗಂಟೆ ಕಾಯುವ ಲೆಕ್ಕ ಸುಮಾರು 600 ಮೀಟರ್‌ನಿಂದಲೇ ಶುರು. ಒಂದು ರಾತ್ರಿ ಕೆಳಗೇ ಉಳಿಯಿರಿ. ನಮ್ಮ ಮನೆಯಲ್ಲೇ ಜಾಗ ಇದೆ.

ಒಟ್ಟು ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಎರಡನೇ ಕೈಯ ಹೌಸಿಂಗ್, ಕ್ಯಾಮೆರಾ, ಸ್ಟ್ರೋಬ್ ಸೇರಿ 90 ಸಾವಿರ. ದೋಣಿ ಮತ್ತು ಡೈವ್‌ಗೆ ದಿನಕ್ಕೆ 6 ಸಾವಿರದ ಹಾಗೆ ನಲವತ್ತು ದಿನ. ಮುಳುಗಿದ ಕ್ಯಾಮೆರಾ ಬೇರೆ. ಮನೆಯಲ್ಲಿ ಈ ಮೊತ್ತ ಈಗಷ್ಟೇ ಗೊತ್ತಾಗಿದೆ.

ಡಿಸೆಂಬರ್‌ನ ಆ ದಿನ ನೀರು 6 ಮೀಟರ್ ಕಾಣುತ್ತಿತ್ತು ಅಷ್ಟೇ. ದೋಣಿಯಲ್ಲಿ ಕ್ಯಾಮೆರಾ ಪರದೆ ತೋರಿಸಿದೆ. ಕಪ್ಪು ಕತ್ತಲೆಯಲ್ಲಿ ಹುಳು ಒಂದೇ, ಬೆನ್ನಿನ ಮೇಲಿನ ಹಳದಿ ಗುಬುಟುಗಳನ್ನು ಎಣಿಸಬಹುದಿತ್ತು. ಅಂಡಮಾನಿಗೆ ಹೋಗು ಅಂದಿದ್ದವರು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. "ಆ ಪೈಪ್ ಯಾವ ಸೈಜಿಂದು?" ಅಂತ ಕೇಳಿದರು. ಮರುವಾರ ಅವರಿಗೂ ಒಂದು ಮಾಡಿಕೊಟ್ಟೆ, ಒಳಮೈಗೆ ಅಂಟಿಸುವುದನ್ನು ಬಿಟ್ಟು.