ಯಾವ ನೀರು ಯಾವ ಕೆಲಸಕ್ಕೆ

ಬೇಸಿಗೆಗೆ ಕಾಲುವೆ ಬಂದ್ ಆಗುವ ಹೊತ್ತಿಗೆ ನಮ್ಮ ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು, ಊರ ಕೆರೆ ತುಂಬಿಸಿದ್ದಾರಾ ಇಲ್ವಾ ಅಂತ. ತುಂಗಭದ್ರಾ ಎಡದಂಡೆ ಕಾಲುವೆ ನೀರನ್ನು ಕೆರೆಗೆ ಬಿಟ್ಟುಕೊಂಡು, ಮತ್ತೆ ಡ್ಯಾಮಿಗೆ ನೀರು ಬರುವ ತನಕ ಅದರಲ್ಲೇ ಕಾಲ ಕಳೆಯಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಕಟ್ಟೆ ಮೇಲೆ ಕೂತವರೆಲ್ಲ ಇಂಜಿನಿಯರ್ ಆಗಿದ್ದರು. ಅವರ ಮನೆ ಹಿತ್ತಲಲ್ಲಿ ನಳ ಸೋರುತ್ತಾ ಇದ್ದರೆ ಮಾತ್ರ ಒಂದು ವಾಸರ್ ತಂದು ಹಾಕಲು ಪುರುಸೊತ್ತಿಲ್ಲ. ರಾತ್ರಿ ಅದರ ಕೆಳಗೆ ಬಕೆಟ್ ಇಟ್ಟು ಮಲಗಿ ನೋಡಿ, ಬೆಳಿಗ್ಗೆ ಯಾರೂ ಹೇಳಬೇಕಾಗಿಲ್ಲ.

ನಾನು ಸೊಸೆಯಂದಿರಿಗೆ ಹೇಳುವುದು ಇಷ್ಟೇ. ನೀರನ್ನು ಬೆರೆಸಬೇಡಿ. ನಮ್ಮ ಮನೆಗಳಲ್ಲಿ ಮೂರು ತರ ನೀರು ಇರುತ್ತದೆ: ನಳದಲ್ಲಿ ಬರುವ ಕೆರೆ ನೀರು, ಬೋರಿನ ಸವಳು ನೀರು, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಲ್ಲಿ ತರುವ ಫಿಲ್ಟರ್ ನೀರು. ಮೂರಕ್ಕೂ ಬೇರೆ ಬೇರೆ ಪಾತ್ರೆ, ಬೇರೆ ಜಾಗ ಇರಲಿ. ಫಿಲ್ಟರ್ ನೀರಲ್ಲಿ ಕೈಕಾಲು ತೊಳೆಯುವುದು, ಬೋರಿನ ನೀರಲ್ಲಿ ಅಡುಗೆ ಮಾಡುವುದು, ಎರಡೂ ತಪ್ಪೇ.

ಬೋರಿನ ನೀರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಫ್ಲೋರೈಡ್ ಮಾತ್ರ ಕಣ್ಣಿಗೂ ಕಾಣುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಕೊಪ್ಪಳ, ರಾಯಚೂರು ಜಿಲ್ಲೆಯ ಎಷ್ಟೋ ಬೋರುಗಳಲ್ಲಿ ಅದು ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲ ಅಂದರೆ 1.5ರ ತನಕ, ಅದಕ್ಕಿಂತ ಜಾಸ್ತಿ ಇದ್ದರೆ ಮಕ್ಕಳ ಹಲ್ಲಿಗೆ ಕಂದು ಗೆರೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ಹಿಡಿಯುತ್ತದೆ. ಕಾಯಿಸಿ ಕುಡಿದರೆ ಸರಿಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗಿ ಉಳಿಯುತ್ತದೆ. ಅನ್ನ, ಬೇಳೆ, ಚಹಾ ಎಲ್ಲಕ್ಕೂ ಆ ನೀರೇ ಹಾಕಿದರೆ ಕುಡಿದ ಹಾಗೇ ಆಯಿತಲ್ವಾ? ನಿಮ್ಮ ಬೋರಿನದು ಹೇಗಿದೆ ಅಂತ ಪಂಚಾಯಿತಿಯಲ್ಲಿ ಕೇಳಿ ಪರೀಕ್ಷೆ ಮಾಡಿಸಿ. ಸರಿಯಿಲ್ಲ ಅಂದರೆ ಆ ನೀರು ಬಟ್ಟೆಗೆ, ನೆಲಕ್ಕೆ, ಸಂಡಾಸಿಗೆ ಸಾಕು.

ಇನ್ನೊಂದು ಚಾಳಿ ಇದೆ. ನಳ ಬಂತು ಅಂದ ಕೂಡಲೇ ಹಿಂದಿನ ಸಲ ಹಿಡಿದ ನೀರನ್ನೆಲ್ಲ ಗಟಾರಕ್ಕೆ ಚೆಲ್ಲುವುದು, "ಹಳೇ ನೀರು" ಅಂತ. ಮುಚ್ಚಿಟ್ಟ ನೀರು ಎರಡು ಮೂರು ದಿನಕ್ಕೆ ಏನೂ ಹಳಸುವುದಿಲ್ಲ. ಮನಸ್ಸು ಒಪ್ಪದಿದ್ದರೆ ಬಚ್ಚಲಿಗೆ ಸಾಗಿಸಿ, ಚೆಲ್ಲಬೇಡಿ. ಆದರೆ ವಾರಕ್ಕೊಮ್ಮೆ ಹೌದು, ಡ್ರಮ್ಮು ಖಾಲಿ ಮಾಡಿ ಒಳಗಿನ ಗೋಡೆ ತಿಕ್ಕಲೇಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿ ನೀರಲ್ಲೇ, ಆ ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ಬದುಕಿರುತ್ತದೆ. ಸುಮ್ನೆ ನೀರು ಬದಲಾಯಿಸಿದರೆ ಹೋಗುವುದಿಲ್ಲ. ಆಮೇಲೆ ಹಳೇ ಸೀರೆ ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ.

ನಳಕ್ಕೆ ನೇರ ಮೋಟರ್ ಹಚ್ಚುವವರಿಗೆ ಏನು ಹೇಳಲಿ! ಓಣಿಯ ಮುಂದಿನ ಮನೆಯವರು ಸಿಂಟೆಕ್ಸ್ ಉಕ್ಕಿಸಿಕೊಳ್ಳುತ್ತಾರೆ, ಕೊನೇ ಮನೆಯವರು ಕೊಡ ಇಟ್ಟುಕೊಂಡು ಕೂತಿರುತ್ತಾರೆ. ಅದಕ್ಕಿಂತ ಕೆಟ್ಟದ್ದು, ಪೈಪ್ ಎಲ್ಲಾದರೂ ಒಡೆದು ಗಟಾರದ ಪಕ್ಕ ಇದ್ದರೆ ಆ ಮೋಟರ್ ಗಟಾರದ ನೀರನ್ನೂ ಎಳೆದುಕೊಳ್ಳುತ್ತದೆ. ಓಣಿಯಲ್ಲಿ ವಾಂತಿ ಭೇದಿ ಶುರುವಾದ ಮೇಲೆ ವಾಟರ್‌ಮನ್‌ನನ್ನು ಬೈದು ಪ್ರಯೋಜನವಿಲ್ಲ. ನೆಲದ ಮಟ್ಟದಲ್ಲಿ ಒಂದು ತೊಟ್ಟಿ ಮಾಡಿಸಿ ಅದಕ್ಕೆ ನಳ ಬಿಡಿ, ಅಲ್ಲಿಂದ ಮೇಲಕ್ಕೆ ಮೋಟರ್ ಹಾಕಿ, ಯಾರೂ ಬೇಡ ಅನ್ನುವುದಿಲ್ಲ.

ಅಕ್ಕಿ ಬೇಳೆ ತೊಳೆದ ನೀರು ದನಕ್ಕೆ, ದನ ಇಲ್ಲದಿದ್ದರೆ ಕರಿಬೇವಿಗೆ. ಬಟ್ಟೆಯ ಮೊದಲ ಸೋಪಿನ ನೀರು ಸಂಡಾಸಿಗೆ, ಜಾಲಿಸಿದ ನೀರು ಬಾಳೆಗೆ. ಪಾತ್ರೆಯನ್ನು ನಳ ಬಿಟ್ಟುಕೊಂಡು ತೊಳೆಯದೆ ಎರಡು ಬುಟ್ಟಿ ನೀರಲ್ಲಿ ತೊಳೆಯಿರಿ. ಮನೆಯಲ್ಲೇ ಫಿಲ್ಟರ್ ಮಷಿನ್ ಇದ್ದರೆ ಅದು ಹೊರಗೆ ಬಿಡುವ ನೀರು ನೆಲ ಒರೆಸಲು ಸರಿ, ಗಿಡಕ್ಕೆ ಬೇಡ, ಉಪ್ಪು ಜಾಸ್ತಿ.

ಮಳೆ ನೀರಿನ ಬಗ್ಗೆ ಹೇಳಿದರೆ "ನಮ್ಮ ಕಡೆ ಮಳೆ ಎಲ್ಲಿದೆ" ಅಂತ ನಗುತ್ತಾರೆ. ಸಾವಿರ ಚದರಡಿ ಮಾಳಿಗೆ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಜಾಸ್ತಿ ಲೆಕ್ಕ. ಸೋರಿದ್ದು, ಆರಿದ್ದು ಕಳೆದರೂ 700 ಲೀಟರ್ ಸಿಗುತ್ತದೆ. ಮೊದಲ ಮಳೆಯ ನೀರು ಧೂಳು, ಪಾರಿವಾಳದ ಹಿಕ್ಕೆ ತೊಳೆದುಕೊಂಡು ಹೋಗಲಿ, ಆಮೇಲಿನದನ್ನು ಬಟ್ಟೆ ಕಟ್ಟಿ ಡ್ರಮ್ಮಿಗೆ ಹಿಡಿಯಿರಿ. ಬೇಳೆ ಆ ನೀರಲ್ಲಿ ಬೆಣ್ಣೆಯ ಹಾಗೆ ಬೇಯುತ್ತದೆ.

ಕಾಲುವೆಗೆ ಹೊಸ ನೀರು ಬಂದಾಗ ನಳದಲ್ಲಿ ಕೆಂಪು ನೀರು ಬರುತ್ತದೆ. ಅವತ್ತು ದೊಡ್ಡ ತೊಟ್ಟಿ ತುಂಬಿಸಬೇಡಿ, ಕೊಡದಲ್ಲಿ ಹಿಡಿದು ಪಟಕದ ಹರಳು ನಾಲ್ಕು ಸುತ್ತು ತಿರುಗಿಸಿ ತೆಗೆಯಿರಿ. ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಸೋಸಿ ಕಾಯಿಸಿಕೊಳ್ಳಿ, ತಳದ ರಾಡಿ ಗಿಡಕ್ಕೆ ಹಾಕಿ.